ಬೊರ್ಗಿಲ್ಡ್ ಕೇಳಿದ ಬೆಳಕು

"ಹಸಿರು ಬೆಳಕು ಎಲ್ಲಿ ಹೋಯ್ತು?" ಅಂತ ಬೊರ್ಗಿಲ್ಡ್ ಬೆಳಿಗ್ಗೆ ನರ್ಸನ್ನು ಕೇಳಿದಳಂತೆ. ವೃದ್ಧಾಶ್ರಮದ ಅವಳ ಕಿಟಕಿಗೆ ಕಾಣುವುದು ಮೀನಿನ ಕಾರ್ಖಾನೆಯ ಗೋಡೆ ಮಾತ್ರ. ನರ್ಸ್ ಈ ಸುದ್ದಿ ತಿಳಿಸಿದಾಗ ಗಂಡ ಟೊರ್ಮೋಡ್ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟ. ಮರೆವಿನ ಕಾಯಿಲೆ ಹಿಡಿದ ಮೇಲೆ ಅವಳು ತಾನಾಗಿ ಏನನ್ನಾದರೂ ನೆನೆಸಿಕೊಂಡದ್ದು ಇದೇ ಮೊದಲು. ಬೆಳಕು ನೆನಪಾದರೆ, ಅದರ ಕೆಳಗೆ ಜೊತೆಗೆ ನಡೆದ ತಾನೂ ನೆನಪಾಗಬಹುದಲ್ಲ ಅಂದುಕೊಂಡ.

ಉತ್ತರ ಧ್ರುವದ ಕಡೆಯ ವಾರ್ಡೊ ಊರಿಗೆ ಅದು ಸೂರ್ಯ ಮುಖ ತೋರಿಸದ ತಿಂಗಳು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲೇ ಕತ್ತಲು. ಟೊರ್ಮೋಡ್ ಮಗಳು ಕೊಡಿಸಿದ ಫೋನ್ ಹಿಡಿದು ಅವಳಿಗೆ ತೋರಿಸಲು ಆ ಬೆಳಕಿನ ಫೋಟೊ ತೆಗೆಯೋಣವೆಂದು ಬಂದರಿನ ಕಟ್ಟೆಗೆ ಹೋದ. ಒಣಹಾಕಿದ ಬಲೆ ಗಾಳಿಗೆ ಅಲುಗಿದಂತೆ ಮೇಲೆ ಆಕಾಶದಲ್ಲಿ ಧ್ರುವಪ್ರಭೆಯ ಹಸಿರು ಬೆಳಕು ಅಲುಗುತ್ತಿತ್ತು.

ಮೊದಲ ಫೋಟೊದಲ್ಲಿ ಫ್ಲ್ಯಾಶ್ ಹೊಡೆದು, ಇಣುಕಲು ಬಂದ ಪಕ್ಕದ ಮನೆಯ ಹಾಲ್ವರ್ಡನ ಮೂಗು ಮಾತ್ರ ಬಂತು.

"ಅದನ್ನ ಆರಿಸಯ್ಯ. ಆಕಾಶಕ್ಕೆ ಯಾರಾದ್ರೂ ಟಾರ್ಚ್ ಬಿಡ್ತಾರಾ?" ಎಂದ ಹಾಲ್ವರ್ಡ್.

ಫೋನ್ ಅಲ್ಲಾಡಿ ಎರಡನೆಯದು ಬಟಾಣಿ ಗಂಜಿ ಚೆಲ್ಲಿದಂತೆ ಬಂತು. ಅಷ್ಟರಲ್ಲಿ ಅಂಗಡಿಯ ಯೋರುನ್ ಬಂದು ಸೇರಿಕೊಂಡಳು.

"ನೈಟ್ ಮೋಡ್ ಹಾಕು ಮಾರಾಯ. ಫೋನ್ ಒಂಚೂರೂ ಅಲ್ಲಾಡಬಾರದು. ಎಲ್ಲಾದ್ರೂ ನಿಲ್ಲಿಸು."

"ಎಲ್ಲಿ ನಿಲ್ಲಿಸ್ಲಿ? ಬರೀ ಹಿಮ."

"ನಿನ್ನ ಬೂಟಲ್ಲಿ."

ಟೊರ್ಮೋಡ್ ಒಂದು ಬೂಟು ಬಿಚ್ಚಿ, ಅದರಲ್ಲಿ ಫೋನ್ ನಿಲ್ಲಿಸಿ, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತ. ಚಳಿಗೆ ಫೋನೇ ಆರಿಹೋಯಿತು. ಅದನ್ನು ಅಂಗಿಯೊಳಗೆ ಕಂಕುಳಲ್ಲಿಟ್ಟು ಕಾವು ಕೊಟ್ಟ.

"ಮರಿ ಆಯ್ತಾ?" ಎಂದ ಹಾಲ್ವರ್ಡ್.

ಕೊನೆಗೂ ಫೋನ್ ಎದ್ದಿತು. ಈ ಸಲ ಇಡೀ ಆಕಾಶ ಒಳಗೆ ಬಂದು ಕೂತಿತು. ಮೂವರೂ ತಲೆ ಸೇರಿಸಿ ಪರದೆ ನೋಡಿದರು.

"ಬೇಗ ಹೋಗು," ಎಂದಳು ಯೋರುನ್ ಮೆಲ್ಲಗೆ.

ವೃದ್ಧಾಶ್ರಮದ ಕೋಣೆಯಲ್ಲಿ ಬೊರ್ಗಿಲ್ಡ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

"ಈ ಬೆಳಕಿನ ಕೆಳಗೇ ನಮ್ಮ ಟೊರ್ಮೋಡ್ ನನ್ನನ್ನ ಮದುವೆಗೆ ಕೇಳಿದ್ದು."

ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತ. "ನೆನಪಿದೆಯಾ?"

"ನೆನಪಿಲ್ಲದೆ ಏನು? ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಇನ್ನು ಹೊರಡಿ, ಅವನು ಬರೋ ಹೊತ್ತು. ಬೇರೆ ಗಂಡಸು ಇಲ್ಲಿ ಕೂತಿದ್ರೆ ಬೇಜಾರು ಮಾಡ್ಕೋತಾನೆ."

ಟೊರ್ಮೋಡ್ ಟೋಪಿ ತೆಗೆದುಕೊಂಡು ಹೊರಗೆ ಹೋದ. ಬಾಗಿಲ ಆಚೆ ನಿಂತು ತಲೆಗೂದಲು ಸವರಿಕೊಂಡ. ಅಂಗಿಯ ಕಾಲರ್ ಸರಿಮಾಡಿಕೊಂಡ. ಆಮೇಲೆ ಬಾಗಿಲು ತಟ್ಟಿ ಒಳಗೆ ಬಂದ.

ಬೊರ್ಗಿಲ್ಡ್ ಆಸೆಯಿಂದ ತಿರುಗಿ ನೋಡಿದಳು. ಮುಖ ಬಾಡಿತು.

"ಓ, ನೀವಾ," ಎಂದಳು. "ಏನಾದ್ರೂ ಮರೆತು ಹೋದ್ರಾ?"