ಕೆಚ್ಚಲಿನ ಮುಲಾಮು

ಎಲ್ಲ ರಗಳೆಗೂ ಮೂಲ ಎಸೆನ್‌ಕುಲ್‌ನ ಕೋಟಿನ ಜೇಬಿನಲ್ಲಿದ್ದ ತೂತು. ಹೆಂಡತಿ ಮನೆಯಲ್ಲಿದ್ದಿದ್ದರೆ ಅದು ಎರಡು ಹೊಲಿಗೆಯಲ್ಲಿ ಮುಗಿಯುವ ಮಾತು. ಆದರೆ ಕಾಲಿಪಾ ಮಾಸ್ಕೋದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಹೋಗಿ ಮೂರು ವರ್ಷವಾಗಿತ್ತು. ಅವಳು ವಾಪಸು ಬರುವುದು ಇವತ್ತು ಸಂಜೆ. ಆ ಸಡಗರದಲ್ಲಿ ಎಸೆನ್‌ಕುಲ್ ದಡದಡ ಮೆಟ್ಟಿಲಿಳಿಯುವಾಗ ಜೇಬಿನಿಂದ ಒಂದು ತಗಡಿನ ಡಬ್ಬಿ ಜಾರಿತು. ಅದು ಮೂರನೇ ಮಹಡಿಯಿಂದ ಒಂದೊಂದು ಮೆಟ್ಟಿಲನ್ನೂ ಮಾತಾಡಿಸುತ್ತಾ ಉರುಳಿ, ಕೆಳಗೆ ಬಾತ್ಮಾ ಎಜೆಯ ಚಪ್ಪಲಿಗೆ ತಾಗಿ ನಿಂತಿತು.

ಬೇರೆ ಯಾರ ಚಪ್ಪಲಿಗಾದರೂ ತಾಗಬಾರದಿತ್ತೆ! ಎಜೆ ಅಂದರೆ ಅಕ್ಕ; ಬಾತ್ಮಾ ಆ ಕಟ್ಟಡಕ್ಕೆಲ್ಲ ಹಿರಿಯಕ್ಕ. ಯಾರ ಮನೆಯಲ್ಲಿ ಸಾರು ತಳ ಹತ್ತಿತು, ಯಾರ ಅಳಿಯ ಮುನಿಸಿಕೊಂಡು ಹೋದ ಎಂಬುದು ಆಯಾ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಬಗ್ಗಿ ಡಬ್ಬಿ ಎತ್ತಿಕೊಂಡಳು. ಮುಚ್ಚಳದ ಮೇಲೆ ಒಂದು ಹಸುವಿನ ಚಿತ್ರ. ಅದರ ಕೆಳಗೆ ‘ಕೆಚ್ಚಲಿನ ಬಿರುಕಿಗೆ ಉತ್ತಮ ಮುಲಾಮು’ ಎಂಬ ಬರಹ.

"ಏನಯ್ಯಾ ಇದು?"

ಎಸೆನ್‌ಕುಲ್ ಜೇಬಿಗೆ ಕೈಹಾಕಿ ತೂತನ್ನು ತಡವಿದ. ನಿಜ ಹೇಳುವ ಹಾಗಿರಲಿಲ್ಲ. ನಿಜವೇನೆಂದರೆ, ಆ ಮುಲಾಮನ್ನು ಅವನು ಒಂದು ತಿಂಗಳಿಂದ ತನ್ನ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ.

ಬಾಲಿಕ್ಚಿಯ ಗಾಳಿ ಅಂದರೆ ಅಂತಿಂಥ ಗಾಳಿಯಲ್ಲ. ಕಣಿವೆಯಿಂದ ನುಗ್ಗಿ, ಸರೋವರದ ಮೇಲೆ ಹಾಯುವ ಮೊದಲು ಊರಿನವರ ಚರ್ಮವನ್ನು ಒಂದು ಪದರ ಸುಲಿದುಕೊಂಡೇ ಹೋಗುತ್ತದೆ. ಎಸೆನ್‌ಕುಲ್ ಹೆದ್ದಾರಿಯ ಬದಿಯಲ್ಲಿ ಹೊಗೆ ಹಿಡಿಸಿದ ಮೀನು ಮಾರುವವನು. ಬೆಳಗಿನಿಂದ ಸಂಜೆಯವರೆಗೆ ಗಾಳಿ ಒಂದು ಕಡೆ, ಹೊಗೆ ಇನ್ನೊಂದು ಕಡೆ. ಐವತ್ತು ದಾಟಿದ ಮೇಲೆ ಕೆನ್ನೆ ಬಿರಿಯತೊಡಗಿತು, ಹಣೆ ಸಿಪ್ಪೆಯೇಳತೊಡಗಿತು. ಐವತ್ತಾರಕ್ಕೆ ಬರುವ ಹೊತ್ತಿಗೆ ನಕ್ಕರೆ ಉರಿ, ಅತ್ತರೂ ಉರಿ. ಅವನು ಅದನ್ನೇನೂ ತಲೆಗೆ ಹಚ್ಚಿಕೊಂಡಿರಲಿಲ್ಲ, ಕಾಲಿಪಾ ವಿಡಿಯೋ ಕರೆ ಮಾಡಿದ ಆ ದಿನದವರೆಗೆ.

ಪರದೆಯ ಮೇಲೆ ಅವಳ ಮುಖ ಆಗ ತಾನೇ ಕಡೆದ ಬೆಣ್ಣೆಯ ಮುದ್ದೆಯಂತಿತ್ತು, ಒಂದು ಗೆರೆಯಿಲ್ಲ. ಎಸೆನ್‌ಕುಲ್ ಬಾಯಿ ಬಿಟ್ಟು ನೋಡುತ್ತಿದ್ದಾಗ ಅವಳು ಹೇಳಿದಳು: "ರೀ, ಕ್ಯಾಮರಾ ಮೀನಿನ ಕಡೆ ತಿರುಗಿದೆ. ನಿಮ್ಮ ಕಡೆ ತಿರುಗಿಸ್ಕೊಳ್ಳಿ."

ಕ್ಯಾಮರಾ ಅವನ ಕಡೆಯೇ ತಿರುಗಿತ್ತು.

ಅಂದಿನಿಂದ ಅವನಿಗೆ ಒಂದೇ ಚಿಂತೆ. ಹೆಂಡತಿ ಬಸ್ಸಿನಿಂದಿಳಿದಾಗ ತನ್ನನ್ನು ಕಂಡು ಯಾವುದೋ ಮುದುಕ ಅಂದುಕೊಂಡು ಮುಂದೆ ಹೋಗಿಬಿಡಬಾರದು. ಅಂಗಡಿಯಲ್ಲಿ ಮುಖದ ಕ್ರೀಮು ಕೇಳಿದ. ಆಲಿವ್ ಕಾಯಿಯಷ್ಟು ದೊಡ್ಡ ಶೀಶೆಗೆ ಅವರು ಹೇಳಿದ ಬೆಲೆ ಕೇಳಿ, ಅದನ್ನು ಮಗುವನ್ನು ಮಲಗಿಸುವ ಹಾಗೆ ನಿಧಾನವಾಗಿ ವಾಪಸಿಟ್ಟ. ಕುರಿಯ ಬಾಲದ ಕೊಬ್ಬು ಹಚ್ಚಿಕೊಂಡು ನೋಡಿದ. ನಾಲ್ಕು ನಾಯಿಗಳು ಅವನನ್ನು ಮೀನಂಗಡಿಯವರೆಗೆ ಮೆರವಣಿಗೆಯಲ್ಲಿ ಕರೆದೊಯ್ದವು. ಕೊನೆಗೆ ಜಾನುವಾರು ಔಷಧಿ ಅಂಗಡಿಯ ಬುರುಲ್ ಎಜೆಯ ಕಣ್ಣಿಗೆ ಬಿದ್ದ. ಅರವತ್ತರ ಆಕೆಯ ಕೆನ್ನೆ ಸೇಬಿನ ಹಾಗೆ.

"ತಗೋ, ಇದು ಕೆಚ್ಚಲಿಗೆ ಹಚ್ಚೋದು. ಕೆಚ್ಚಲಿಗಿಂತ ನಿನ್ನ ಮುಖ ಮೇಲಲ್ಲ, ಧೈರ್ಯವಾಗಿ ಹಚ್ಚು. ಬಿಸಿನೀರು ಬೇಡ, ಸೋಪೂ ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳ್ಕೊಂಡು, ಒದ್ದೆ ಮುಖಕ್ಕೇ ತೆಳ್ಳಗೆ ಸವರಬೇಕು. ಒಣಗಿದ ಮೇಲೆ ಬಳ್ಕೊಂಡ್ರೆ ಗೋಡೆಗೆ ಸುಣ್ಣ ಹೊಡೆದ ಹಾಗೆ."

ಹಚ್ಚಿದ. ಮೂರನೇ ದಿನಕ್ಕೆ ಉರಿ ನಿಂತಿತು. ಹತ್ತನೇ ದಿನಕ್ಕೆ ಸಿಪ್ಪೆ ಏಳುವುದು ನಿಂತಿತು. ಒಂದು ಬೆಳಿಗ್ಗೆ ನಕ್ಕಾಗ ನೋವಾಗಲಿಲ್ಲ. ಅವನು ಮುಚ್ಚಳದ ಮೇಲಿನ ಹಸುವಿಗೆ ಮನಸಾರೆ ಕೈಮುಗಿದ.

ಆದರೆ ಗಂಡಸು ಮುಖಕ್ಕೆ ಮುಲಾಮು ಹಚ್ಚುತ್ತಾನೆ, ಅದೂ ಕೆಚ್ಚಲಿನದು ಎಂದು ಗೊತ್ತಾದರೆ ಬಾಲಿಕ್ಚಿಯಲ್ಲಿ ಆಮೇಲೆ ಮೀನು ಮಾರುವ ಹಾಗಿಲ್ಲ.

"ಹಸುಗೆ ಎಜೆ," ಎಂದ ಎಸೆನ್‌ಕುಲ್.

ಬಾತ್ಮಾ ಎಜೆಯ ಮುಖದ ಬಣ್ಣ ಬದಲಾಯಿತು. "ಯಾವ ಹಸು?"

"ನಮ್ಮ ಹಸು."

"ನಿಮ್ಮ ಹಸುನಾ? ಯಾರಯ್ಯಾ ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು ಎಜೆ? ನನ್ನ ಹಸು ನಂಗೊತ್ತಿರಲ್ವಾ?" ಸುಳ್ಳಿಗೆ ಕಾಲು ಬಂದ ಮೇಲೆ ಅದು ನಿಲ್ಲುವುದುಂಟೆ? "ಸಂಜೆ ಮಂದೆ ಜೊತೆ ಬರುತ್ತೆ. ಕಾಲಿಪಾ ಬರೋ ಹೊತ್ತಿಗೆ ಸರಿಯಾಗಿ."

"ಅದೂ ಗೊತ್ತಾ!" ಎಂದು ಬಾತ್ಮಾ ಎಜೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಡಬ್ಬಿಯನ್ನು ಅವನ ಕೈಗೆ ತುರುಕಿ, ಅರವತ್ತೈದರ ಮೊಣಕಾಲಿಗೆ ಸಾಧ್ಯವಿಲ್ಲದ ವೇಗದಲ್ಲಿ ಒಳಗೆ ಓಡಿದಳು. ಮರುಕ್ಷಣ ಅವಳ ದನಿ ಫೋನಿನಲ್ಲಿ ಕೇಳಿಸಿತು.

ಸದ್ಯ, ಬಚಾವಾದೆ ಅಂದುಕೊಂಡ ಎಸೆನ್‌ಕುಲ್.

ಅಂಗಡಿಯಲ್ಲಿ ಮೊದಲ ಮೀನು ತೂಗಿ ಹಾಕುವಷ್ಟರಲ್ಲಿ ಎರಡನೇ ಮಹಡಿಯ ಓರ್ಮೋನ್ ತನ್ನ ಹಳೇ ಟ್ರಕ್ಕು ತಂದು ನಿಲ್ಲಿಸಿದ. "ಶುಭವಾಗ್ಲಿ ಬಾಯ್ಕೆ, ಶುಭವಾಗ್ಲಿ ಅಣ್ಣಾ! ಹಸು ಕಾಲ್ಗುಣ ಚೆನ್ನಾಗಿರಲಿ! ನಮ್ಮ ಶೆಡ್ಡು ಖಾಲಿ ಮಾಡಿದ್ದೀನಿ. ಹುಲ್ಲೂ ಹಾಕಿದ್ದೀನಿ. ಬಂದು ನೋಡು."

"ಇಷ್ಟು ಬೇಗನಾ?"

"ಹಸು ವಿಷಯದಲ್ಲಿ ತಡ ಮಾಡ್ಬಾರ್ದು ಬಾಯ್ಕೆ."

ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಓರ್ಮೋನ್ ಇಪ್ಪತ್ತು ವರ್ಷದಿಂದ ಕೂಡಿಟ್ಟಿದ್ದ ಟೈರು, ಮುರುಕು ಹಾಸಿಗೆ, ಓಡದ ಮೋಟಾರು ಸೈಕಲ್ಲು ಎಲ್ಲ ಅಂಗಳಕ್ಕೆ ಬಂದು ಬಿದ್ದಿದ್ದವು. ಒಳಗೆ ನೆಲ ತೊಳೆದು, ಹುಲ್ಲು ಹಾಸಿ, ನೀರಿನ ತೊಟ್ಟಿಯನ್ನೂ ಇಟ್ಟಾಗಿತ್ತು.

"ಓರ್ಮೋನ್, ಒಂದು ಮಾತು ಹೇಳ್ಬೇಕಿತ್ತು. ಈ ಹಸು ಇದೆಯಲ್ಲ..."

"ಏನೂ ಹೇಳ್ಬೇಡ ಬಾಯ್ಕೆ. ನಮ್ಮಪ್ಪ ಆಸ್ಪತ್ರೇಲಿದ್ದಾಗ ಹದಿನೈದು ರಾತ್ರಿ ಕೂತಿದ್ದು ಯಾರು? ಕಾಲಿಪಾ ಎಜೆ. ಆ ತಾಯಿ ಅನ್ಯರ ದೇಶದಲ್ಲಿ ಅನ್ಯರ ತಟ್ಟೆ ತೊಳೆದು ಬರ್ತಿದ್ದಾರೆ. ಅವರ ಚಹಾಕ್ಕೆ ಮನೆ ಹಾಲು ಬೀಳ್ಲಿ."

ಇಂಥ ಮಾತಿನ ಮುಂದೆ ನಿಜ ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಎಸೆನ್‌ಕುಲ್ ಅಂಗಡಿಗೆ ಓಡಿದ. ಅಲ್ಲಿ ಎದುರು ಮನೆಯ ದರ್ಜಿ ಹೆಂಗಸು ಕಾಯುತ್ತಿದ್ದಳು. ಹೊಸ ಕೊರಳ ಕಣ್ಣಿ, ಅದಕ್ಕೆ ಕಣ್ಣುಬೀಳದಂತೆ ನೀಲಿ ಮಣಿ ಪೋಣಿಸಿ ತಂದಿದ್ದಳು. ಅವಳ ಹಿಂದೆಯೇ ಇನ್ನೊಬ್ಬಾಕೆ ಹಾಲು ಕರೆಯುವ ಬಕೆಟ್ಟು ತಂದಳು. ಒಬ್ಬ ತಾತ ಉಪ್ಪಿನ ಕಲ್ಲು ಹೊತ್ತು ತಂದ. ಪ್ರತಿಯೊಬ್ಬರಿಗೂ "ಅಲ್ಲಾ, ನಿಜವಾಗಿ ನೋಡಿದ್ರೆ..." ಎಂದು ಶುರು ಮಾಡುತ್ತಿದ್ದ; ಪ್ರತಿಯೊಬ್ಬರೂ ಅವನ ಬೆನ್ನು ತಟ್ಟಿ ಬಾಯಿ ಮುಚ್ಚಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನ ಬಳಿ ಹಸುವೊಂದನ್ನು ಬಿಟ್ಟು ಹಸುವಿಗೆ ಬೇಕಾದ ಎಲ್ಲವೂ ಇತ್ತು.

ಸರೋವರದ ಆಚೆ ದಡದಲ್ಲಿದ್ದ ಗೆಳೆಯನಿಗೆ ಫೋನು ಮಾಡಿದ. "ಒಂದೇ ಒಂದು ಸಂಜೆಗೆ ಒಂದು ಹಸು ಕೊಡೋ, ನಿನ್ನ ಕಾಲಿಗೆ ಬೀಳ್ತೀನಿ."

"ಹಸು ಇಲ್ಲ. ಕತ್ತೆ ಇದೆ."

"ಕತ್ತೆ ತಗೊಂಡು ಏನೋ ಮಾಡ್ಲಿ?"

"ಮುಸ್ಸಂಜೇಲಿ ಯಾರು ಅಷ್ಟೊಂದು ನೋಡ್ತಾರೆ? ಕಂಬಳಿ ಹೊದಿಸಿ ನಿಲ್ಲಿಸು."

ಎಸೆನ್‌ಕುಲ್ ಫೋನಿಟ್ಟ. ಚಿಂತೆಯಲ್ಲಿ ಬೆವರಿ ಮುಖ ಬಿಗಿಯತೊಡಗಿತ್ತು. ಏನೇ ಆಗಲಿ, ಹೆಂಡತಿಯ ಮುಂದೆ ಮಾನ ಹೋಗುವಾಗ ಮುಖವಾದರೂ ನುಣ್ಣಗಿರಲಿ ಎಂದು ಅಂಗಡಿಯ ಹಿಂದೆ ಹೋಗಿ ಮುಖ ತೊಳೆದು, ಮುಲಾಮನ್ನು ದಿನಕ್ಕಿಂತ ಎರಡು ಪಟ್ಟು ಸವರಿಕೊಂಡ. ಬುರುಲ್ ಎಜೆ ನೋಡಿದ್ದರೆ ಬೈಯುತ್ತಿದ್ದಳು.

ಸಂಜೆ ಇಡೀ ಕಟ್ಟಡವೇ ರಸ್ತೆಗೆ ಇಳಿದಿತ್ತು. ಬಿಷ್ಕೆಕ್‌ನಿಂದ ಬರುವ ಮಿನಿಬಸ್ಸೂ ಅದೇ ತಿರುವಿನಲ್ಲಿ ನಿಲ್ಲುತ್ತದೆ, ಮಂದೆಯೂ ಅದೇ ತಿರುವಿನಲ್ಲಿ ಇಳಿಯುತ್ತದೆ. ಬಾತ್ಮಾ ಎಜೆ ತಟ್ಟೆ ತುಂಬ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಣುಕು ಹಿಡಿದು ನಿಂತಿದ್ದಳು. ಎಸೆನ್‌ಕುಲ್ ಮಣಿ ಕಟ್ಟಿದ ಕಣ್ಣಿ ಹಿಡಿದು, ನೇಣಿಗೆ ತಾನೇ ಹಗ್ಗ ತಂದವನಂತೆ ನಿಂತಿದ್ದ.

ಧೂಳೆದ್ದಿತು. ಮಂದೆ ಬಂತು. ಹಸುಗಳು ಒಂದೊಂದಾಗಿ ತಮ್ಮ ತಮ್ಮ ಮನೆಯ ದಾರಿ ಹಿಡಿದವು. ಎಸೆನ್‌ಕುಲ್ ಕಣ್ಣು ಮುಚ್ಚಿಕೊಂಡು, ಈಗ ಎಲ್ಲರೆದುರಿಗೂ ಹೇಳಿಬಿಡುತ್ತೇನೆ ಎಂದು ಉಸಿರೆಳೆದುಕೊಂಡ.

"ನೋಡಿ, ನಾನು ನಿಮಗೆಲ್ಲ ಒಂದು ವಿಷಯ..."

ಮುಖದ ಮೇಲೆ ಬಿಸಿಯುಸಿರು ಬಿತ್ತು. ಆಮೇಲೆ ಉಪ್ಪುಕಾಗದದಂಥ ಒಂದು ಒದ್ದೆ ನಾಲಿಗೆ ಗಲ್ಲದಿಂದ ಹಣೆಯವರೆಗೆ ಒಂದೇ ಎಳೆತಕ್ಕೆ ಹೋಯಿತು. ಕಣ್ಣು ಬಿಟ್ಟ. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕೆಂಪು ಹಸುವೊಂದು ಅವನ ಕೆನ್ನೆಯನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು.

"ಅಯ್ಯೋ ನೋಡ್ರೋ!" ಎಂದು ದರ್ಜಿ ಹೆಂಗಸು ಕಣ್ಣೊರೆಸಿಕೊಂಡಳು. "ಯಜಮಾನನ್ನ ಹ್ಯಾಗೆ ಗುರುತು ಹಿಡೀತು!"

ಯಾರ ಹಸುವೋ ದೇವರೇ ಬಲ್ಲ. ಅದರ ಒಡೆಯ ಬಂದು ಕಳ್ಳ ಎಂದು ಕೂಗುವುದರೊಳಗೆ ಇಲ್ಲಿಂದ ಜಾಗ ಖಾಲಿ ಮಾಡಬೇಕು ಎಂದು ಎಸೆನ್‌ಕುಲ್ ಗಡಿಬಿಡಿಯಲ್ಲಿ ಕಣ್ಣಿ ಕಟ್ಟುತ್ತಿದ್ದಾಗಲೇ ಮಿನಿಬಸ್ಸು ನಿಂತಿತು. ಮೂರು ವರ್ಷದ ಮೇಲೆ ಕಾಲಿಪಾ ಬಾಲಿಕ್ಚಿಯ ನೆಲದ ಮೇಲೆ ಕಾಲಿಟ್ಟು ಗಂಡನನ್ನು ಹುಡುಕಿದಾಗ, ಅವನ ಮುಖ ಅರ್ಧ ಹಸುವಿನ ಬಾಯಲ್ಲಿತ್ತು.

"ರೀ," ಎಂದಳು ಕಾಲಿಪಾ, ನಗುತ್ತಾ ಅಳುತ್ತಾ. "ನಿಮಗೆ ಮೊದಲೇ ಗೊತ್ತಾಗಿಬಿಟ್ಟಿತ್ತಂತಲ್ಲ!"

ಏನು ಗೊತ್ತಾಗಿತ್ತು ಎಂದು ಅವನು ಕೇಳುವಷ್ಟರಲ್ಲಿ ಜನ ಅವನನ್ನೂ ಅವಳನ್ನೂ ಹಸುವನ್ನೂ ಒಟ್ಟಿಗೆ ಶೆಡ್ಡಿನ ಕಡೆ ತಳ್ಳಿಕೊಂಡು ಹೋದರು. ಬಾಗಿಲು ತೆಗೆದರೆ ಒಳಗಿನಿಂದ "ಅಂಬಾ" ಎಂದಿತು. ಹುಲ್ಲಿನ ಮೇಲೆ ಒಂದು ಕೆಂಪು ಕರು, ಹಣೆಯ ಮೇಲೆ ಬಿಳಿ ಮಚ್ಚೆ.

ಎಸೆನ್‌ಕುಲ್ ಹಸುವನ್ನೊಮ್ಮೆ, ಕರುವನ್ನೊಮ್ಮೆ ನೋಡಿದ. ಬೆಳಿಗ್ಗೆ ಹೇಳಿದ ಸುಳ್ಳು ಸಂಜೆಗೆ ಕರು ಹಾಕಿತ್ತು!

"ಎಜೆ, ಇದು ಯಾರದ್ದು?" ಎಂದು ಕೊನೆಗೂ ಬಾಯಿಬಿಟ್ಟ.

"ಈಗೇನು ನಾಟಕ?" ಎಂದಳು ಬಾತ್ಮಾ ಎಜೆ. "ಕಾಲಿಪಾ ಮಾಸ್ಕೋದಿಂದ ಹೇಳಿ, ನನ್ನ ತಮ್ಮನ ಕೈಲಿ ಕೊಳ್ಳಿಸಿದ ಹಸು. ನಿನ್ನ ಕಣ್ಣಿಗೆ ಬೀಳ್ದೇ ಇರ್ಲಿ ಅಂತ ಅವನ ಮನೇಲೇ ಇಟ್ಟಿದ್ವಿ. ಕರೂನ ಮಧ್ಯಾಹ್ನಾನೇ ತಂದು ಇಲ್ಲಿ ಬಿಟ್ಟಿದ್ದು. ಇವತ್ತು ಸಂಜೆ ಮಂದೆ ಜೊತೆ ಕಳಿಸೋದು, ನಿನ್ನನ್ನ ಬೆಚ್ಚಿಬೀಳಿಸೋದು ಅಂತ ಇಡೀ ಕಟ್ಟಡ ಒಂದು ವಾರ ಬಾಯಿ ಕಟ್ಕೊಂಡಿತ್ತು. ನಂಗೆ ಎಷ್ಟು ಕಷ್ಟ ಆಗಿರ್ಬೇಡ, ನೀನೇ ಯೋಚ್ನೆ ಮಾಡು! ನೀನು ನೋಡಿದ್ರೆ ಬೆಳಿಗ್ಗೆ ಬೆಳಿಗ್ಗೇನೇ ‘ನಮ್ಮ ಹಸು’ ಅಂದ್ಬಿಟ್ಟೆ."

"ಫೋನಲ್ಲಿ ನಿಮ್ಮ ಮುಖ ನೋಡಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ," ಎಂದಳು ಕಾಲಿಪಾ. "ಆ ಗಾಳಿ, ಆ ಹೊಗೆ ಸಾಕು. ಇನ್ನು ಮೀನು ಬೇಡ. ಮನೇಲೇ ಹಾಲು ಮಾರ್ಕೊಂಡಿರೋಣ ಅಂತ."

ಎಸೆನ್‌ಕುಲ್ ಅವಳನ್ನು ಆಗ ಸರಿಯಾಗಿ ನೋಡಿದ. ಬೆಣ್ಣೆಯ ಮುದ್ದೆ ಎಲ್ಲಿ ಹೋಯಿತು? ಕಣ್ಣಿನ ಸುತ್ತ ಗೆರೆ, ತುಟಿಯ ಪಕ್ಕ ಗೆರೆ, ಕೆನ್ನೆ ಮೊದಲು ಅವನದಿದ್ದಂತೆಯೇ ಒಣಗಿತ್ತು.

"ಫೋನಲ್ಲಿ ನೀನು..." ಎಂದು ತೊದಲಿದ.

"ಅದು ಫೋನಿನ ಗುಣ ಕಣ್ರೀ. ಒತ್ತಿದ್ರೆ ಮುಖ ನುಣ್ಣಗೆ ಮಾಡುತ್ತೆ. ನಿಮ್ಮ ಹಳೇ ಫೋನಿಗೆ ಅದಿಲ್ಲ."

ಬಾತ್ಮಾ ಎಜೆ ಅವನ ತೂತಿಲ್ಲದ ಜೇಬಿಗೆ ಕೈಹಾಕಿ ಡಬ್ಬಿ ತೆಗೆದು ಮೇಲೆತ್ತಿ ಹಿಡಿದಳು. "ನೋಡ್ರಮ್ಮಾ, ಗಂಡ ಅಂದ್ರೆ ಹೀಗಿರ್ಬೇಕು! ಹಸು ಬಾಗಿಲಿಗೆ ಬರೋ ಮುಂಚೆ ಮುಲಾಮು ತಂದಿಟ್ಟಿದ್ದಾನೆ. ನನ್ನ ತಮ್ಮನ ಹೆಂಡ್ತೀನೂ ಇದಕ್ಕೆ ಇದನ್ನೇ ಹಚ್ಚೋದು, ಹಸುಗೆ ಈ ವಾಸನೆ ಕಂಡ್ರೆ ಪ್ರಾಣ." ಮುಚ್ಚಳ ತೆಗೆದು ಹುಬ್ಬೇರಿಸಿದಳು. "ಅಲ್ಲಾ, ಅರ್ಧ ಖಾಲಿಯಾಗಿದೆಯಲ್ಲ?"

ಶೆಡ್ಡೆಲ್ಲ ಅವನನ್ನೇ ನೋಡಿತು. "ಪರೀಕ್ಷೆ ಮಾಡ್ದೆ," ಎಂದ ಎಸೆನ್‌ಕುಲ್. "ಹಸುಗೆ ಉರಿ ಆಗ್ಬಾರ್ದಲ್ಲ."

"ಎಂಥಾ ಕರುಣೆ!" ಎಂದರು ಜನ.

ಬೋರ್ಸೋಕ್ ತಿಂದು, ಹರಸಿ, ಎಲ್ಲರೂ ಹೋದ ಮೇಲೆ ಕಾಲಿಪಾ ಅಂಗಿಯ ತೋಳು ಮಡಚಿ ಹಾಲು ಕರೆಯಲು ಕೂತಳು. ಕೆಚ್ಚಲು ಗಾಳಿಗೆ ಬಿರಿದಿತ್ತು. ಡಬ್ಬಿಯಿಂದ ಧಾರಾಳವಾಗಿ ತೆಗೆದು ಹಚ್ಚಿದಳು. ಮಿಕ್ಕಿದ್ದನ್ನು ಪಾತ್ರೆ ತೊಳೆದು ತೊಳೆದು ಸೀಳಿಹೋಗಿದ್ದ ತನ್ನ ಬೆರಳಿಗೆ ಉಜ್ಜಿಕೊಂಡಳು. "ಅಬ್ಬಾ, ಎಷ್ಟು ಹಿತವಾಗಿದೆ," ಎಂದು ಕಣ್ಣು ಮುಚ್ಚಿದಳು. ಎಸೆನ್‌ಕುಲ್ ಖಾಲಿಯಾಗುತ್ತಿದ್ದ ಡಬ್ಬಿಯನ್ನು ನೋಡಿದ, ಅವಳ ಬೆರಳುಗಳನ್ನು ನೋಡಿದ. ಹೆಂಡತಿ ಬಂದಿದ್ದಾಳೆ, ನೆರೆಯವರಿದ್ದಾರೆ, ಹಸುವಿದೆ, ಅದಕ್ಕೊಂದು ಕರುವಿದೆ. ಇಷ್ಟನ್ನೆಲ್ಲ ಕೊಟ್ಟ ಮೇಲೆ ಮುಖವನ್ನೂ ನುಣ್ಣಗೆ ಮಾಡಿಕೊಡು ಎಂದು ದೇವರನ್ನು ಕೇಳುವುದು ದುರಾಸೆ. ಅದೂ ಅಲ್ಲದೆ, ನಾಳೆಯಿಂದ ಬೆಳಗಿನ ಜಾವದ ಗಾಳಿಯಲ್ಲಿ ಎದ್ದು ಹಾಲು ಕರೆದು ಮನೆಮನೆಗೆ ಹಾಕುವವನು ಅವನೇ ತಾನೇ.

ಕಾಲಿಪಾ ಎದ್ದು ಹತ್ತಿರ ಬಂದಳು. ಅವನ ಕೆನ್ನೆಯ ಹತ್ತಿರ ಮೂಗು ತಂದು ಮೂಸಿದಳು. ತನ್ನ ಬೆರಳನ್ನು ಮೂಸಿದಳು. ಮತ್ತೆ ಅವನ ಕೆನ್ನೆ ಮೂಸಿದಳು.

"ಪರೀಕ್ಷೆ ಮಾಡಿದ್ರಾ?" ಎಂದಳು ಮೆಲ್ಲಗೆ.

ಎಸೆನ್‌ಕುಲ್ ನೆಲ ನೋಡಿದ.

ಅವಳು ನಗಲಿಲ್ಲ. ಡಬ್ಬಿಯ ತಳವನ್ನು ಬೆರಳಲ್ಲಿ ಬಳಿದು, ಉಳಿದಿದ್ದ ಒಂದಿಷ್ಟನ್ನು ಅವನ ಎರಡೂ ಕೆನ್ನೆಗೆ ಮೃದುವಾಗಿ ಸವರಿದಳು. ಮೂರು ವರ್ಷದಿಂದ ಯಾರೂ ಮುಟ್ಟದ ಮುಖ ಅದು. ಎಸೆನ್‌ಕುಲ್‌ಗೆ ಕಣ್ಣು ತುಂಬಿ ಬಂತು. ಇಷ್ಟು ಸುಖ ಸಾಕಪ್ಪಾ ಎಂದು ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ಹಸು ಕತ್ತು ಹೊರಳಿಸಿ, ಗಲ್ಲದಿಂದ ಹಣೆಯವರೆಗೆ ಒಂದೇ ಎಳೆತಕ್ಕೆ ಅದನ್ನೆಲ್ಲ ನೆಕ್ಕಿ ಹಾಕಿತು.