ಹಿತ್ತಾಳೆಯ ಮೇಲೊಂದು ಗೀರು

ಅಮೆರಿಕದ ಲಾರೆನ್ಸ್‌ವಿಲ್‌ನ ನಮ್ಮ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ. ಅದರ ಒಂದು ಮೂಲೆ ನನ್ನದು. ಶೂಟಿಂಗ್ ರೇಂಜಿನಿಂದ ನನ್ನ ರೈಫಲ್ಲಿನ ಖಾಲಿ ಕೇಸುಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕವಚಗಳನ್ನು, ಆರಿಸಿ ತಂದು, ಅವನ್ನೇ ಮತ್ತೆ ತೋಟಾ ಮಾಡುವುದು ನನ್ನ ಹವ್ಯಾಸ. ಗುಂಡು ಹಾರಿದಾಗ ಹಿತ್ತಾಳೆಯ ಕೇಸು ಹಿಗ್ಗುತ್ತದೆ. ಡೈ ಎಂಬ ಉಕ್ಕಿನ ಅಚ್ಚಿನೊಳಕ್ಕೆ ಒತ್ತಿದರೆ ಹಳೆಯ ಅಳತೆಗೆ ಬರುತ್ತದೆ. ಕಳೆದ ಬೇಸಿಗೆಯಿಂದ ಅಳತೆಯ ಜೊತೆಗೆ ಒಂದು ಗೀರೂ ಬರತೊಡಗಿತು. ಉದ್ದಕ್ಕೆ, ನೇರವಾಗಿ, ಪ್ರತಿಯೊಂದರ ಮೇಲೂ.

"ರೀ, ದೀಪಾವಳಿಯೊಳಗೆ ಇದು ಸರಿಹೋಗಬೇಕು. ಇಲ್ಲದಿದ್ರೆ ಆ ಮೂಲೆಗೆ ಎರಡನೇ ಫ್ರಿಜ್ ಬರುತ್ತೆ," ಎಂದಳು ಹೆಂಡತಿ. ಫ್ರಿಜ್ ಯಾವುದೆಂದು ಆಗಲೇ ನೋಡಿಟ್ಟಿದ್ದಳು. ನಾನು ಹಟ ತೊಟ್ಟೆ.

೧. ರೋಗಿಯ ತಪಾಸಣೆ

ಪಕ್ಕದ ಬೀದಿಯಲ್ಲಿ ಧಾರವಾಡದ ಹೃದಯತಜ್ಞರೊಬ್ಬರಿದ್ದಾರೆ. ನಿವೃತ್ತರು, ಕಾಯಿಲೆ ಯಾವುದಾದರೂ ಸರಿ, ನೋಡುತ್ತಾರೆ. ಕೇಸನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎಷ್ಟು ದಿನಾ ಆತು?"

"ಎರಡು ತಿಂಗಳು, ಡಾಕ್ಟ್ರೇ."

"ಮನಿಯೊಳಗ ಬ್ಯಾರೆ ಯಾರಿಗರೆ ಐತೇನು?"

ಇಲ್ಲವೆಂದೆ. ಒಣಗಿದ್ದೇ ಕಾರಣ, ಎಣ್ಣೆ ಹೆಚ್ಚು ಹಚ್ಚಬೇಕು ಎಂದರು. ಧಾರಾಳವಾಗಿ ಹಚ್ಚಿದೆ. ಹೆಚ್ಚಾದ ಎಣ್ಣೆಗೆ ಡೈಯೊಳಗೆ ಹೋಗಲು ಜಾಗ ಸಿಗದೆ, ಕೇಸಿನ ಕತ್ತಿನ ಕೆಳಗೆ, ಹೆಗಲ ಮೇಲೆ, ತಗ್ಗು ಬಿತ್ತು. ಗೀರು ಹಾಗೇ ಇತ್ತು. ಓಡಿಹೋಗಿ ತೋರಿಸಿದೆ.

"ಅದು ಸೈಡ್ ಎಫೆಕ್ಟ್," ಎಂದರು. "ಔಷಧ ನಿಲ್ಲಸಬ್ಯಾಡ್ರಿ."

೨. ತಯಾರಕರ ಸಲಹೆ

ಡೈ ಮಾಡಿದ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವರು ಕೇಳಿದ ಮೊದಲ ಪ್ರಶ್ನೆಯೇ, ಕೇಸುಗಳು ಶುಚಿಯಾಗಿವೆಯೇ ಎಂದು. ನನಗೆ ನಗು ಬಂತು. ಮೇ ತಿಂಗಳಲ್ಲಿ ಮೈಸೂರಿನಿಂದ ಬಂದ ನಮ್ಮತ್ತೆ, ಅವುಗಳನ್ನು ತೊಳೆಯುವ ಕೆಲಸವನ್ನು ಬಂದ ವಾರವೇ ನನ್ನಿಂದ ಕಿತ್ತುಕೊಂಡಿದ್ದರು. "ಹಿತ್ತಾಳೆ ಬೆಳಗೋದು ನನಗೆ ಬಿಡಿ. ನಿಮ್ಮ ತೊಳೆಯೋ ಮೆಷೀನಿಗೆ ಏನು ಗೊತ್ತು?" ಎಂದಿದ್ದರು. ಪ್ರತಿ ಶುಕ್ರವಾರ ದೇವರ ದೀಪಗಳ ಜೊತೆಗೆ ನನ್ನ ಕೇಸುಗಳೂ ಥಳಥಳ ಹೊಳೆಯುತ್ತ ಹಿಂದಿರುಗುತ್ತಿದ್ದವು.

ಡೈಯನ್ನು ಕಳಿಸಿದೆ. ಪಾಲಿಶ್ ಆಗಿ ಬಂತು. ಜೊತೆಗೆ ಒಂದು ಚೀಟಿ: ಒಳಗೆ ಗಟ್ಟಿಯಾದ ಸಣ್ಣ ಹರಳು ಸಿಕ್ಕಿಕೊಂಡಿತ್ತು, ಕೇಸುಗಳನ್ನು ಇನ್ನೂ ಚೆನ್ನಾಗಿ ತೊಳೆಯಿರಿ.

ನಾನು ಸಲಹೆಯನ್ನು ಅಕ್ಷರಶಃ ಪಾಲಿಸುವವನು. ಅತ್ತೆಗೆ ಹೇಳಿದೆ: "ಇನ್ನು ಮೇಲೆ ಎರಡೆರಡು ಸಲ ಬೆಳಗಿ."

ಮುಂದಿನ ವಾರ ಎರಡೆರಡು ಗೀರು ಬಂದವು.

೩. ಹಿತ್ತಲಿನ ಶುಕ್ರವಾರ

ದೀಪಾವಳಿಗೆ ಒಂಬತ್ತು ದಿನ ಉಳಿದಿತ್ತು. ಹೆಂಡತಿ ಟೇಪು ಹಿಡಿದು ನನ್ನ ಮೂಲೆಯ ಅಗಲ ಅಳೆಯುತ್ತಿದ್ದಳು. ನಾನು ಒಂದು ಕೇಸಿನ ಹಿಂದೆಯೇ, ಅದು ತೊಳೆಯಲು ಹೋದಲ್ಲಿಂದ ಗೀರು ಬೀಳುವವರೆಗೆ, ಹೋಗುವುದೆಂದು ನಿರ್ಧರಿಸಿ, ಹಿತ್ತಲಿಗೆ ನಡೆದೆ.

ಅತ್ತೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಕಡೆ ಹುಣಸೆಹಣ್ಣು. ಇನ್ನೊಂದು ಕಡೆ, ನನ್ನ ಮಗಳು ಆಡುವ ಮರಳಿನ ತೊಟ್ಟಿ. ಅದರೊಳಕ್ಕೆ ಕೈ ಹಾಕಿ, ಹಿಡಿ ಮರಳು ತೆಗೆದು, ನನ್ನ ಕೇಸನ್ನು ಒಳಗೂ ಹೊರಗೂ ತಿಕ್ಕುತ್ತಿದ್ದರು.

"ಅತ್ತೆ, ಮರಳಾ?"

"ಬರೀ ಹುಣಸೆಹಣ್ಣಿಗೆ ಮಸಿ ಬಿಡಲ್ಲ. ಎಷ್ಟು ನುಣ್ಣಗಿನ ಮರಳು ನೋಡಿ, ಜರಡಿ ಹಿಡಿದಂಗಿದೆ. ಮೈಸೂರಲ್ಲೂ ಸಿಗಲ್ಲ."

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಟೇಪು ತಾನಾಗಿಯೇ ಸುರುಳಿ ಸುತ್ತಿಕೊಂಡಿತು. ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಮೆಲ್ಲಗೆ ಹೇಳಿದಳು: "ಗೀರಿಗೆ ಆ ಮರಳೇ ಕಾರಣ ಅಂತ ಅಮ್ಮನಿಗೆ ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು. ಮೂಲೆ ನಿಮಗೇ ಇರಲಿ."

ಆವತ್ತಿನಿಂದ ಅತ್ತೆ ತಿಕ್ಕಿ ಕೊಟ್ಟ ಕೇಸುಗಳನ್ನು ನಾನು ಗುಟ್ಟಾಗಿ ಮತ್ತೆ ತೊಳೆಯುತ್ತೇನೆ. ಡೈಯನ್ನೂ ಬಿಚ್ಚಿ ಒರೆಸಿದೆ. ಗೀರು ಹೋಯಿತು.

ದೀಪಾವಳಿ ಊಟಕ್ಕೆ ಬಂದ ಡಾಕ್ಟರು ಕೇಸನ್ನು ಬೆಳಕಿಗೆ ಹಿಡಿದರು. "ಗುಣ ಆಗೇತಲ್ಲ! ಏನಿತ್ತು ಕಾರಣ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅತ್ತೆ ಹೋಳಿಗೆ ಬಡಿಸುತ್ತಿದ್ದರು.

"ಗೊತ್ತಾಗಲಿಲ್ಲ, ಡಾಕ್ಟ್ರೇ."

"ನನಗ ಗೊತ್ತೈತಿ," ಎಂದರು ಅವರು. "ಎಣ್ಣಿ." ಆಮೇಲೆ ಮಂಡಿನೋವು ಎನ್ನುತ್ತಿದ್ದ ಅತ್ತೆಗೂ ಅದನ್ನೇ ಬರೆದುಕೊಟ್ಟರು.