ಒಳಗೆ ಬಿಳಿ ಇರುವ ಕಂದು ಹಾವುಗಳು

ನಾಯಿ ಸಾಕಿದವನನ್ನು ಜನ ನಾಯಿಯ ಬಗ್ಗೆ ಕೇಳುತ್ತಾರೆ. ಹಾವು ಸಾಕಿದವನನ್ನು ಅವನ ತಲೆಯ ಬಗ್ಗೆ ಕೇಳುತ್ತಾರೆ. ಪೀಣ್ಯದ ಮೇಲೆ ಮೆಟ್ರೋ ಓಡಲು ಶುರುವಾದ ಹೊಸತರಲ್ಲಿ, ಚಿಕ್ಕಬಾಣಾವರದ ಬಾಡಿಗೆ ಮನೆಯಲ್ಲಿ ನಾನು ಎರಡು ಬಾಲ್ ಪೈಥಾನ್ ಸಾಕಿದ್ದೆ. ಆಫ್ರಿಕಾ ಮೂಲದ, ವಿಷವಿಲ್ಲದ ಪುಟ್ಟ ಹೆಬ್ಬಾವುಗಳು. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಮಧ್ಯೆ ಬಚ್ಚಿಟ್ಟುಕೊಳ್ಳುತ್ತವೆ. ಮನೆಯಲ್ಲಿ ನನ್ನ ಸ್ವಭಾವವೂ ಅದೇ ಆದ್ದರಿಂದ ನಮಗೆ ಹೊಂದಿಕೆಯಾಯಿತು. ಆ ವರ್ಷ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇತ್ತು.

ಒಳಗಿನ ಗುಣ

ಜೋಡಿಯನ್ನು ಕೊಟ್ಟವನು ಬ್ರೂಕ್‌ಫೀಲ್ಡ್‌ನ ಒಬ್ಬ ಎಂಜಿನಿಯರ್. ಅವನ ಬಳಿ ಬಿಳಿ ಮೈ, ಹಳದಿ ಪಟ್ಟೆ, ಕೆಂಪು ಕಣ್ಣಿನ ಗಂಡು ಹಾವೊಂದಿತ್ತು. ನೋಡಿ ಮರುಳಾದೆ. ಅವನು ಅದನ್ನು ತೋರಿಸಿ, ಅದರ ಬೆಳೆದ ಮಕ್ಕಳಿಬ್ಬರನ್ನು ನನಗೆ ದಾಟಿಸಿದ. ಎರಡೂ ಒಣಗಿದ ತೆಂಗಿನಗರಿಯ ಬಣ್ಣ.

"ಇವು ಕಂದು ಅಲ್ವಾ?" ಎಂದೆ.

"ಹೊರಗೆ ಕಂದು ಗುರು. ಒಳಗೆ ಬಿಳಿ ಇದೆ. ಅಪ್ಪನ ಕಡೆಯಿಂದ ಬಂದಿದೆ, ಅಮ್ಮನ ಕಡೆಯಿಂದ ಬಂದಿಲ್ಲ. ಎರಡೂ ಕಡೆಯಿಂದ ಬಂದ್ರೆ ಮಾತ್ರ ಹೊರಗೆ ಕಾಣೋದು. ಇವೆರಡನ್ನ ಸೇರ್ಸು, ಪ್ರತಿ ಮೊಟ್ಟೆಗೂ ನಾಲ್ಕರಲ್ಲೊಂದು ಚಾನ್ಸ್."

ಹೆಂಡತಿ ಪೆಟ್ಟಿಗೆ ತೆಗೆದು ನೋಡಿದಳು. "ಬಿಳಿ ಹಾವು ತರ್ತೀನಿ ಅಂತ ಹೋಗಿ ಇದನ್ನ ತಂದ್ರಾ? ನೋಡಿ, ಒಂದು ಸಲ ಮೊಟ್ಟೆ ಇಡ್ಲಿ. ಬಿಳಿ ಮರಿ ಬಂದ್ರೆ ಇರ್ಲಿ. ಇಲ್ಲದಿದ್ರೆ ಎಲ್ಲಾ ಹಾವೂ ಮನೆಯಿಂದ ಹೊರಗೆ."

ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ. ಆದರೆ ದಿನ ಕಳೆದಂತೆ ಜೀವ ಅವುಗಳಿಗೆ ಅಂಟಿಕೊಂಡಿತು. ಕೆಲಸದಿಂದ ಬಂದರೆ ಇಡೀ ಮನೆಯಲ್ಲಿ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳದೆ ತೊಡೆಯ ಮೇಲೆ ಮಲಗುತ್ತಿದ್ದದ್ದು ಅವೆರಡೇ. ಒಮ್ಮೆ ಧೈರ್ಯ ಮಾಡಿ, "ಒಳಗೆ ಬಿಳಿ ಇದೆ ಕಣೇ, ಸ್ವಲ್ಪ ಕಾಯಬೇಕು" ಎಂದೆ.

"ಮದುವೆಗೆ ಮುಂಚೆ ನಿಮ್ಮಮ್ಮನೂ ಹಾಗೇ ಅಂದಿದ್ರು, ನನ್ನ ಮಗ ಒಳಗೆ ತುಂಬಾ ಒಳ್ಳೆಯವನು ಅಂತ. ಐದು ವರ್ಷ ಆಯ್ತು, ಇನ್ನೂ ಹೊರಗೆ ಬಂದಿಲ್ಲ."

ಒಂದೇ ಬೆಡಗು

ದಾವಣಗೆರೆಯಿಂದ ಅತ್ತೆ, ಅಂದರೆ ಹೆಂಡತಿಯ ಅಮ್ಮ, ಬಂದರು. ಮಕ್ಕಳ ಗುಣ ಯಾರಿಂದ ಬಂತೆಂದು ಹೇಳುವುದರಲ್ಲಿ ಅವರ ಮುಂದೆ ವಿಜ್ಞಾನಿಗಳು ಏನೂ ಅಲ್ಲ. ನಮ್ಮ ಮಗಳ ಕೇಸು ತೊಟ್ಟಿಲಿನಲ್ಲೇ ಇತ್ಯರ್ಥವಾಗಿತ್ತು. ಮೂಗು, ಬುದ್ಧಿ, ಕೂದಲು ಅವರ ಕಡೆಯದು. ಹಟ, ನೆಗಡಿ, ಕಪ್ಪು ಬಣ್ಣ ನನ್ನ ಕಡೆಯದು. ಮಗಳ ಬಣ್ಣ ನನ್ನ ಹೆಂಡತಿಯ ಬಣ್ಣವೇ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ನಾನು ಚೆಂಡಾಗಿ ಕೂತಿದ್ದೆ.

ಹಾವುಗಳನ್ನು ಒಂದೇ ಪೆಟ್ಟಿಗೆಗೆ ಬಿಡುವಾಗ ಅತ್ತೆ ಕೇಳಿದರು, "ಎರಡೂ ಯಾವ ಮನೆತನದ್ವು?"

"ತಾಯಿ ಬೇರೆ ಬೇರೆ ಅತ್ತೆ. ಅಪ್ಪ ಒಂದೇ. ಅದಕ್ಕೇ ಎರಡರಲ್ಲೂ ಬಿಳಿ ಇರೋದು ಗ್ಯಾರಂಟಿ."

ಅತ್ತೆ ಎದ್ದು ನಿಂತರು. "ಅಪ್ಪ ಒಂದೇ? ಹಂಗಂದ್ರೆ ಒಂದೇ ಬೆಡಗು! ಅಣ್ಣ ತಂಗಿಗೆ ಮದುವೆ ಮಾಡ್ತಿದೀರೇನ್ರಿ?"

ಬೆಡಗು ಅಂದರೆ ಗೋತ್ರದ ಹಾಗೆ, ಅಪ್ಪನ ಕಡೆಯಿಂದ ಬರುವಂಥದ್ದು; ನಮ್ಮಲ್ಲಿ ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ. ಹೆಣ್ಣು ನೋಡಲು ಹೋಗುವ ಮುಂಚೆಯೇ ಅದನ್ನು ವಿಚಾರಿಸುತ್ತಾರೆ.

"ಹಾವಿಗೆ ಬೆಡಗು ಇರಲ್ಲ ಅತ್ತೆ."

"ಹಾವಿಗೆ ಇಲ್ಲ, ಸರಿ. ಮಾಡ್ಸೋರಿಗೂ ಇಲ್ಲೇನು?"

ಎರಡು ದಿನ ಅವರು ಆ ಕೋಣೆಗೆ ಕಾಲಿಡಲಿಲ್ಲ. ಮೂರನೆಯ ದಿನ ಬಂದು ಪೆಟ್ಟಿಗೆಗೆ ವಿಭೂತಿ ಹಚ್ಚಿ, ದೋಷವನ್ನೂ ತೀರ್ಪನ್ನೂ ಒಟ್ಟಿಗೆ ಮುಗಿಸಿದರು. "ಇಂಥವೆಲ್ಲ ನಿಮ್ಮ ಕಡೆ ನಡೀತಾವೇನೋ. ನಮ್ಮ ಕಡೆ ಇಲ್ಲ."

ರಿಜೆಕ್ಷನ್

ಹೆಣ್ಣು ಆರು ಮೊಟ್ಟೆ ಇಟ್ಟಿತು. ಸುದ್ದಿ ಕಾರ್ಖಾನೆಗೂ ಮುಟ್ಟಿತು. ನಾನು ಪೀಣ್ಯದಲ್ಲಿ, ಕಬ್ಬಿಣಕ್ಕೆ ಬಣ್ಣದ ಪುಡಿ ಹಚ್ಚಿ ಓವನ್ನಿನಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಕಾರ್ಖಾನೆಯೊಂದರಲ್ಲಿ ಬಣ್ಣ ಪಾಸು ಮಾಡುವವನು. ಗೇಟು, ಗ್ರಿಲ್ಲುಗಳ ಬಣ್ಣ ಶೇಡ್ ಕಾರ್ಡಿಗೆ ಹೊಂದದಿದ್ದರೆ ವಾಪಸ್ ಕಳಿಸುವುದು ನನ್ನ ಕೆಲಸ. ಓನರ್ ಕರೆಸಿದರು.

"ಏನ್ರೀ, ಒಳಗೆ ಬಿಳಿ, ಹೊರಗೆ ಕಂದು ಅಂದ್ರೆ ಬಿಸ್ಕೆಟ್ ಕಲರ್ ಮರಿ ಬರುತ್ತಾ?"

"ಇಲ್ಲ ಸಾರ್. ಬಿಳಿ, ಇಲ್ಲಾಂದ್ರೆ ಕಂದು. ಮಧ್ಯದ್ದು ಇಲ್ಲ."

ಅವರು ನಂಬಲಿಲ್ಲ. ಹಿಂದಿನ ತಿಂಗಳು ಬಿಳಿ ಪೌಡರಿಗೆ ಕಂದು ಪೌಡರ್ ಬೆರೆಸಿ ಬಿಸ್ಕೆಟ್ ಬಣ್ಣ ಮಾಡಿಸಲು ಹೊರಟವರೂ ಇವರೇ. ಗೇಟುಗಳೆಲ್ಲ ಸಿಡುಬು ಎದ್ದಂತೆ ಚುಕ್ಕೆ ಚುಕ್ಕೆಯಾಗಿ ಓವನ್ನಿನಿಂದ ಹೊರಬಂದಿದ್ದವು. ಅದನ್ನು ನೆನಪಿಸುವ ಮೂರ್ಖತನ ನಾನು ಮಾಡಲಿಲ್ಲ.

"ಸರಿ. ನಾಲ್ಕಕ್ಕೆ ಒಂದು ಅಂದ್ರೆ, ಆರಕ್ಕೆ ಒಂದೂವರೆ ಬಿಳಿ."

"ಹಾಗಲ್ಲ ಸಾರ್. ಒಂದೊಂದು ಮೊಟ್ಟೆಗೂ ಬೇರೆ ಬೇರೆ ಲಾಟರಿ. ಆರೂ ಕಂದೇ ಬರಬಹುದು."

"ಅಂದ್ರೆ ನಾಲ್ಕರಲ್ಲಿ ಮೂರು ರಿಜೆಕ್ಷನ್ನಾ!" ಓನರ್ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ನೂರಕ್ಕೆ ಎರಡಾದ್ರೆ ನಾನು ನಿಮ್ಮನ್ನ ಸುಮ್ನೆ ಬಿಡ್ತೀನಾ? ಮೊದ್ಲು ಆ ಗಂಡು ಹಾವಿಗೆ ಒಂದು ಮೆಮೊ ಕೊಡ್ರಿ."

ಆರನೆಯ ಮೊಟ್ಟೆ

ಮೊಟ್ಟೆಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟೆ. ಮೊಟ್ಟೆ ಬಂದ ಮೇಲೆ ಅತ್ತೆ ಬೆಡಗಿನ ಮಾತೇ ಎತ್ತಲಿಲ್ಲ. ಬಾಣಂತಿ ಕೋಣೆಗೆ ಗಾಳಿ ಬಡಿಯಬಾರದೆಂದು ಕಿಟಕಿಗೆ ಹಳೆ ಸೀರೆ ಕಟ್ಟಿದರು. ಊರಿಗೆ ಹೋಗುವುದನ್ನು ಎರಡು ಸಲ ಮುಂದೂಡಿದರು. ನಾನು ಮಾತ್ರ ಆ ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಮೊದಲ ಮೊಟ್ಟೆ ಸೀಳಿ ಪುಟ್ಟ ಮೂತಿ ಹೊರಬಂತು. ಕಂದು. ಎರಡನೆಯದು ಕಂದು. ಮಧ್ಯಾಹ್ನದ ಊಟದ ಹೊತ್ತಿಗೆ ಐದೂ ಕಂದು. ಹೆಂಡತಿ ಪ್ರತಿ ಸಲವೂ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದಳು. ಸಂಜೆ ಕಾಫಿ ಹೊತ್ತಿಗೆ ಆರನೆಯದು ತಲೆ ಹಾಕಿತು. ಅದೂ ಕಂದು.

"ಆಯ್ತಲ್ಲ," ಎಂದಳು ಹೆಂಡತಿ. "ಆ ಬ್ರೂಕ್‌ಫೀಲ್ಡ್‌ನವನಿಗೆ ಫೋನ್ ಮಾಡಿ. ಎಲ್ಲಾ ವಾಪಸ್ ತಗೊಂಡು ಹೋಗ್ಲಿ."

ನಾನು ಫೋನ್ ಕೈಗೆತ್ತಿಕೊಂಡೆ. ನಂಬರ್ ಒತ್ತಲು ಬೆರಳು ಬರಲಿಲ್ಲ.

"ಫೋನ್ ಇಡ್ರಿ," ಎಂದರು ಅತ್ತೆ. ತಮ್ಮ ಮಗಳ ಕಡೆ ತಿರುಗಿದರು. "ಬಣ್ಣ ಬರ್ಲಿಲ್ಲ ಅಂತ ಮರೀನ ಮನೆಯಿಂದ ಹೊರಗೆ ಹಾಕ್ತಾರೇನೇ? ನಾನೂ ಕೆಂಪಗಿದ್ದೆ, ನಿಮ್ಮಪ್ಪನೂ ಕೆಂಪಗಿದ್ರು. ನೀನು ಹುಟ್ಟಿದಾಗ ನಿಮ್ಮಜ್ಜಿ ಮುಖ ನೋಡಿ ಮೂರು ದಿನ ಎತ್ಕೊಳ್ಳಲಿಲ್ಲ. ನಿನ್ನ ಲೆಕ್ಕದಾಗೆ ನಿನ್ನನ್ನ ಹೆರಿಗೆ ಆಸ್ಪತ್ರೆಯಾಗೇ ಬಿಟ್ಟು ಬರ್ಬೇಕಿತ್ತು ನಾನು!"

ಹೆಂಡತಿ ಮಡಚಿದ್ದ ಬೆರಳುಗಳನ್ನು ಬಿಡಿಸಿದಳು. ಪೆಟ್ಟಿಗೆಯ ಬಳಿ ಬಂದು ಕೂತು ಒಂದು ಮರಿಯ ತಲೆಯನ್ನು ಬೆರಳ ತುದಿಯಿಂದ ಮುಟ್ಟಿದಳು. "ಇರ್ಲಿ ಬಿಡಿ," ಎಂದಳು ಮೆಲ್ಲಗೆ. ನನಗೆ ಕಣ್ಣು ತುಂಬಿ ಬಂತು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದೆ.

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟು, ಆರೂ ಮರಿಗಳನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿ ಹೇಳಿದರು, "ಚೆನ್ನಾಗಿರ್ರಿ. ಆದ್ರೂ ಈ ಬಣ್ಣ ಮಾತ್ರ ನಿಮ್ಮ ಕಡೇದೇ."